ಪ್ಲೇಟಿನಲ್ಲಿ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವ ಫೇಜ್ ಇಲಿಯ ಕರುಳಿನಲ್ಲಿ ಏಕೆ ಕೊಲ್ಲುವುದಿಲ್ಲ?

ನಿಮ್ಮ ಪ್ರಯೋಗ ನನಗೆ ಅರ್ಥವಾಗಿರುವುದು ಹೀಗೆ. ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಕುಡಿಸಿದ ಇಲಿಗಳ ಕರುಳಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ನೆಲೆಗೊಳಿಸಿದ್ದೀರಿ. ಆಮೇಲೆ ಅದನ್ನು ಕೊಲ್ಲುವ ಫೇಜ್ ಅನ್ನು, ಅಂದರೆ ಬ್ಯಾಕ್ಟೀರಿಯಾಕ್ಕೆ ಸೋಂಕು ತಗಲಿಸುವ ವೈರಸ್ ಅನ್ನು, 100 ಕೋಟಿ ಲೆಕ್ಕದಲ್ಲಿ ಬಾಯಿಯ ಮೂಲಕ ಕೊಟ್ಟಿದ್ದೀರಿ. ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಎಣಿಕೆ ಮೊದಲ ದಿನ ನೂರು ಪಟ್ಟು ಇಳಿದು, ಮೂರನೇ ದಿನಕ್ಕೆ ಮತ್ತೆ ಹಳೆಯ ಮಟ್ಟಕ್ಕೆ ಬಂತು. ಫೇಜ್ ಮಾತ್ರ ಇಳಿಯದೆ ಹಾಗೇ ಉಳಿಯಿತು. ಇಲಿಗಳಲ್ಲಿ ಮೊದಲೇ ಇರಬಹುದಾದ ಕರುಳಿನ ವೈರಸ್‌ಗಳು ಇದರಲ್ಲಿ ಕೈಯಾಡಿಸುತ್ತವೆಯೇ ಎಂಬುದು ನಿಮ್ಮ ಎರಡನೇ ಪ್ರಶ್ನೆ.

ಫೇಜ್ ಮತ್ತು ಅದರ ಬ್ಯಾಕ್ಟೀರಿಯಾ ಕರುಳಿನಲ್ಲಿ ಒಟ್ಟಿಗೇ ಉಳಿಯುವುದು ಹೊಸತಲ್ಲ. ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಫೇಜ್‌ಗಳ ಮಿಶ್ರಣ ಕೊಟ್ಟ ಇಲಿಗಳಲ್ಲಿ ಇ. ಕೋಲಿಯೂ ಫೇಜ್‌ಗಳೂ ವಾರಗಟ್ಟಲೆ ಜೊತೆಯಲ್ಲೇ ಇದ್ದವು. ಆದ್ದರಿಂದ ಪ್ರಯೋಗ ಕೆಟ್ಟಿತೆಂದು ಇಲಿಗಳನ್ನು ಬದಲಿಸಲು ಹೊರಡಬೇಡಿ. ಯಾವ ಕಾರಣಕ್ಕೆ ಹೀಗಾಯಿತು ಎಂಬುದನ್ನು ಈಗಿರುವ ಮಾದರಿಗಳಿಂದಲೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ನಾನಾದರೆ ಮೊದಲ ದಿನದ ಇಳಿಕೆಯನ್ನೇ ಮೊದಲು ಅನುಮಾನಿಸುತ್ತೇನೆ. ಹಿಕ್ಕೆಯನ್ನು ಬಫರಿನಲ್ಲಿ ಕಲಸಿದಾಗ ಬ್ಯಾಕ್ಟೀರಿಯಾದ ಜೊತೆ ಫೇಜ್ ಕೂಡ ಅದೇ ಟ್ಯೂಬಿನಲ್ಲಿ ಸೇರಿರುತ್ತದೆ. ಕರುಳಿನಲ್ಲಿ ಒಂದಕ್ಕೊಂದು ಸಿಗದೆ ಉಳಿದಿದ್ದವು ಇಲ್ಲಿ ಮುಖಾಮುಖಿಯಾಗುತ್ತವೆ. ಟ್ಯೂಬನ್ನು ಮೇಜಿನ ಮೇಲೆ ಅರ್ಧ ಗಂಟೆ ಬಿಟ್ಟರೆ ಸಾವು ಅಲ್ಲೇ ನಡೆಯುತ್ತದೆ, ಉಳಿದದ್ದು ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಾದ ಅಗರ್ ಮೇಲೆ ಮುಂದುವರಿಯುತ್ತದೆ. ನೀವು ಎಣಿಸುವ ಇಳಿಕೆಯಲ್ಲಿ ಎಷ್ಟು ಭಾಗ ಇಲಿಯೊಳಗಿನದು, ಎಷ್ಟು ಟ್ಯೂಬಿನದು ಎಂದು ಆಮೇಲೆ ಹೇಳಲಾಗದು. ಪರೀಕ್ಷೆ ಸುಲಭ. ಫೇಜ್ ಕೊಡದ ಇಲಿಯ ಹಿಕ್ಕೆ ತೆಗೆದುಕೊಂಡು ಅದಕ್ಕೆ ಟ್ಯೂಬಿನಲ್ಲೇ ಅಷ್ಟೇ ಫೇಜ್ ಬೆರೆಸಿ, ಉಳಿದೆಲ್ಲ ಹಂತಗಳನ್ನು ಯಥಾಪ್ರಕಾರ ಮಾಡಿ. ಎಣಿಕೆ ಇಳಿದರೆ ದೋಷ ವಿಧಾನದಲ್ಲಿದೆ. ಆಗ ಮಾದರಿಯನ್ನು ಐಸ್ ಮೇಲೆ ಇಟ್ಟುಕೊಂಡು, ತಣ್ಣನೆಯ ಬಫರಿನಲ್ಲಿ ಬ್ಯಾಕ್ಟೀರಿಯಾವನ್ನು ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ತೊಳೆದು, ತಡಮಾಡದೆ ಡೈಲ್ಯೂಟ್ ಮಾಡಿ ಪ್ಲೇಟ್ ಮಾಡಬೇಕು. ಫೇಜ್‌ನ ಆ್ಯಂಟಿಸೀರಂ (ಫೇಜ್ ಅನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳ ದ್ರವ) ಇದ್ದರೆ ಇನ್ನೂ ಒಳ್ಳೆಯದು.

ಎಣಿಸುವ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. 100 ಮಿಲಿಗ್ರಾಂ ತಾಜಾ ಹಿಕ್ಕೆಯನ್ನು ತೂಗಿ 1 ಮಿ.ಲೀ. ಎಸ್‌ಎಂ ಬಫರಿನಲ್ಲಿ ಕಲಸಿ; ಈ ಬಫರಿನಲ್ಲಿ 100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 8 ಮಿಲಿಮೋಲಾರ್ ಮೆಗ್ನೀಷಿಯಂ ಸಲ್ಫೇಟ್, 50 ಮಿಲಿಮೋಲಾರ್ ಟ್ರಿಸ್ ಇರುತ್ತವೆ, ಪಿಎಚ್ 7.5. ಇದನ್ನು ಎರಡು ಭಾಗ ಮಾಡಿ. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಫೇಜ್‌ಗೆ. ಫೇಜ್ ಭಾಗವನ್ನು 5,000 ಜಿಯಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದು 0.45 ಅಥವಾ 0.22 ಮೈಕ್ರೊಮೀಟರ್ ಫಿಲ್ಟರಿನಲ್ಲಿ ಸೋಸಿ. ಸೆಂಟ್ರಿಫ್ಯೂಜ್ ಮಾಡದೆ ನೇರ ಸೋಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕಸಕ್ಕೆ ಅಂಟಿದ ಫೇಜ್ ಅಲ್ಲೇ ಉಳಿಯುತ್ತದೆ. ಕೆಳಗೆ 1.5% ಅಗರ್, ಮೇಲೆ 0.5% ಅಗರ್ 3ರಿಂದ 4 ಮಿ.ಲೀ., ಅದರಲ್ಲಿ ಚುರುಕಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾ 0.1 ಮಿ.ಲೀ., ಫೇಜ್ 0.1 ಮಿ.ಲೀ. ಮೇಲಿನ ಅಗರ್ 45ರಿಂದ 48 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಅದಕ್ಕಿಂತ ಬಿಸಿಯಾದರೆ ಬ್ಯಾಕ್ಟೀರಿಯಾ ಸಾಯುತ್ತದೆ, ತಣ್ಣಗಾದರೆ ಗಂಟು ಕಟ್ಟುತ್ತದೆ. 30ರಿಂದ 300 ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದಲ್ಲಿ ಕಾಣುವ ತಿಳಿಯಾದ ಚುಕ್ಕೆ) ಇರುವ ಪ್ಲೇಟ್ ಮಾತ್ರ ಎಣಿಸಿ. ಈ ಲೆಕ್ಕದಲ್ಲಿ ಡೈಲ್ಯೂಟ್ ಮಾಡದ ಮಾದರಿಯ ಒಂದು ಪ್ಲಾಕ್ ಎಂದರೆ ಗ್ರಾಂಗೆ 100 ಫೇಜ್. ಆದ್ದರಿಂದ ಪ್ಲಾಕ್ ಕಾಣದ ಕಡೆ ಸೊನ್ನೆ ಎಂದು ಬರೆಯದೆ 100ಕ್ಕಿಂತ ಕಡಿಮೆ ಎಂದು ಬರೆಯಿರಿ.

ಫೇಜ್ ಕೊಡುವ ಮೊದಲಿನ ದಿನದ ಹಿಕ್ಕೆಯನ್ನೂ ಅದೇ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡಿದ್ದೀರಾ? ಇಲಿಯ ಕರುಳಿನಲ್ಲಿ ಮೊದಲೇ ಇದ್ದ ಫೇಜ್ ನಿಮ್ಮ ತಳಿಯ ಮೇಲೆ ಪ್ಲಾಕ್ ಮಾಡುವುದುಂಟು. ನಿಮ್ಮ ಇ. ಕೋಲಿಯ ಜೀನೋಮಿನೊಳಗೇ ಸೇರಿಕೊಂಡು ಮಲಗಿರುವ ಫೇಜ್, ಅಂದರೆ ಪ್ರೊಫೇಜ್, ಎಚ್ಚೆತ್ತು ಹೊರಬರುವುದೂ ಉಂಟು. ಮಿ.ಲೀ.ಗೆ 0.5ರಿಂದ 1 ಮೈಕ್ರೊಗ್ರಾಂ ಮೈಟೊಮೈಸಿನ್ ಸಿ (ಡಿಎನ್ಎಗೆ ಹಾನಿ ಮಾಡಿ ಪ್ರೊಫೇಜ್ ಎಬ್ಬಿಸುವ ಔಷಧ) ಹಾಕಿ ಕಲ್ಚರ್ ಬೆಳೆಸಿದಾಗ ಅದು ಒಡೆದು ತಿಳಿಯಾದರೆ ಪ್ರೊಫೇಜ್ ಇದೆಯೆಂಬ ಸಂಶಯ ಬಲವಾಗುತ್ತದೆ.

ಎಣಿಕೆ ಸರಿಯಿದೆ ಎಂದಾದ ಮೇಲೆ ಮೂರನೇ ದಿನದ ಏರಿಕೆಗೆ ಬನ್ನಿ. ಇಲ್ಲಿ ನಿಜವಾದ ಪೈಪೋಟಿ ಎರಡು ವಿವರಣೆಗಳ ನಡುವೆ: ಬ್ಯಾಕ್ಟೀರಿಯಾ ಬದಲಾಗಿದೆ, ಇಲ್ಲವೇ ಬ್ಯಾಕ್ಟೀರಿಯಾ ಫೇಜ್ ತಲುಪದ ಕಡೆ ಇದೆ. ಮೂರನೇ ದಿನದ ಪ್ಲೇಟಿನಿಂದ ಪ್ರತಿ ಇಲಿಗೆ 20 ಕಾಲೊನಿ ಆರಿಸಿ, ಎರಡು ಸಲ ಹೊಸ ಪ್ಲೇಟಿಗೆ ಎಳೆದು ಶುದ್ಧ ಮಾಡಿ. ಹೀಗೆ ಎಳೆಯುವುದು ಕಾಲೊನಿಗೆ ಅಂಟಿ ಬಂದ ಫೇಜ್ ಅನ್ನು ಕಳೆಯಲು. ಇದನ್ನು ಬಿಟ್ಟರೆ ಪರೀಕ್ಷೆಯೇ ಕೆಡುತ್ತದೆ. ಆಮೇಲೆ ಮೂಲ ಫೇಜ್‌ನ ಗೆರೆಗೆ ಅಡ್ಡವಾಗಿ ಒಂದೊಂದನ್ನೂ ಎಳೆಯಿರಿ. ಬಹುಪಾಲು ಗೆರೆ ದಾಟಿ ಬೆಳೆದರೆ ಅವು ನಿರೋಧಕ ತಳಿಗಳು, ಅಂದರೆ ಫೇಜ್ ಹಿಡಿದುಕೊಳ್ಳುವ ರಿಸೆಪ್ಟರ್ ಹೆಚ್ಚಾಗಿ ಬದಲಾಗಿರುತ್ತದೆ. ಬಹುಪಾಲು ಸತ್ತರೆ ಅವು ಇನ್ನೂ ಫೇಜ್‌ಗೆ ಬಗ್ಗುವಂಥವೇ. ಕರುಳಿನಲ್ಲಿ ಅವನ್ನು ಉಳಿಸಿದ್ದು ಜಾಗ ಅಥವಾ ಬೆಳವಣಿಗೆಯ ಸ್ಥಿತಿ.

ಈ ಎರಡನೆಯದನ್ನು ಜನ ಕಡೆಗಣಿಸುತ್ತಾರೆ, ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಬ್ರಾತ್‌ನಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಇ. ಕೋಲಿ ಕರುಳಿನಲ್ಲಿ ಅಷ್ಟು ವೇಗವಾಗಿ ಬೆಳೆಯುವುದಿಲ್ಲ, ಕೆಲವು ಕಡೆ ಬೆಳೆಯುವುದೇ ಇಲ್ಲ. ಫೇಜ್ ತನ್ನ ಸಂತತಿಯನ್ನು ಕಟ್ಟುವುದು ಬ್ಯಾಕ್ಟೀರಿಯಾದ ರೈಬೊಸೋಮ್ ಮತ್ತು ಶಕ್ತಿಯಿಂದ. ಮಲಗಿರುವ ಜೀವಕೋಶದಲ್ಲಿ ಅನೇಕ ಫೇಜ್‌ಗಳಿಗೆ ಏನೂ ಮಾಡಲಾಗದು. ಲೋಳೆಪದರ ಇನ್ನೊಂದು ತಡೆ. ಅದೇ ಪಾಸ್ಚರ್ ಸಂಸ್ಥೆಯ ತಂಡ 2020ರಲ್ಲಿ ತೋರಿಸಿದಂತೆ, ಕರುಳಿನ ಗೋಡೆಗೆ ಹತ್ತಿದ ಭಾಗದಲ್ಲಿ ಬ್ಯಾಕ್ಟೀರಿಯಾಕ್ಕೆ ಹೋಲಿಸಿದರೆ ಫೇಜ್ ಕಡಿಮೆ. ಅಲ್ಲಿಂದ ಫೇಜ್‌ಗೆ ಬಗ್ಗುವ ಬ್ಯಾಕ್ಟೀರಿಯಾ ಒಳಕುಹರಕ್ಕೆ (ಆಹಾರ ಸಾಗುವ ಕರುಳಿನ ಒಳಪೊಳ್ಳಿಗೆ) ಇಳಿಯುತ್ತಲೇ ಇರುತ್ತದೆ, ಫೇಜ್ ಅಲ್ಲಿ ಅದನ್ನು ತಿನ್ನುತ್ತಲೇ ಇರುತ್ತದೆ. ನಿಮ್ಮ ಫೇಜ್ ಎಣಿಕೆ ಏಕೆ ಇಳಿಯಲಿಲ್ಲ ಎಂಬುದಕ್ಕೂ ಇದು ಸರಿಹೊಂದುತ್ತದೆ: ಒಂದೇ ಸಲ ಕೊಟ್ಟ ಫೇಜ್ ವೃದ್ಧಿಯಾಗದಿದ್ದರೆ ಒಂದೆರಡು ದಿನದಲ್ಲಿ ಹಿಕ್ಕೆಯೊಂದಿಗೆ ಹೊರಟುಹೋಗಬೇಕಿತ್ತು. ಹಿಕ್ಕೆ ತೋರಿಸುವುದು ಒಳಕುಹರದ ಕಥೆ ಮಾತ್ರ. ಕೊನೆಯ ದಿನ ಸಣ್ಣಕರುಳಿನ ತುದಿ, ಸೀಕಂ (ದೊಡ್ಡಕರುಳು ಶುರುವಾಗುವಲ್ಲಿನ ಚೀಲ), ದೊಡ್ಡಕರುಳುಗಳನ್ನು ಬೇರೆ ಬೇರೆ ತೆಗೆದು, ಒಳಗಿನ ವಸ್ತುವನ್ನೂ ತೊಳೆದ ಗೋಡೆಯನ್ನೂ ಪ್ರತ್ಯೇಕವಾಗಿ ಎಣಿಸಿ.

ನಿರೋಧಕ ತಳಿಗಳೇ ಸಿಕ್ಕರೂ ಬೇಸರ ಬೇಡ. ಇಂಗ್ಲೆಂಡಿನ ಹೌಟನ್ ಕೋಳಿ ಸಂಶೋಧನಾ ಕೇಂದ್ರದಲ್ಲಿ ವಿಲಿಯಮ್ಸ್ ಸ್ಮಿತ್ ಮತ್ತು ಹಗಿನ್ಸ್ 1980ರ ದಶಕದ ಆರಂಭದಲ್ಲಿ ಮಾಡಿದ ಕೆಲಸ ಇಲ್ಲಿ ದಾರಿ ತೋರಿಸುತ್ತದೆ. 1982ರ ಅವರ ಇಲಿ ಪ್ರಯೋಗದಲ್ಲಿ ಫೇಜ್ ಹಿಡಿದುಕೊಳ್ಳುತ್ತಿದ್ದದ್ದು ಇ. ಕೋಲಿಯ ಕೆ1 ಕವಚವನ್ನು. ಫೇಜ್‌ನಿಂದ ಪಾರಾಗಲು ಬ್ಯಾಕ್ಟೀರಿಯಾ ಆ ಕವಚವನ್ನೇ ಬಿಟ್ಟುಕೊಟ್ಟಿತು, ಕವಚ ಹೋದ ತಳಿಗೆ ರೋಗ ತರುವ ಶಕ್ತಿಯೂ ಕುಂದಿತು. 1983ರಲ್ಲಿ ಕರುಗಳ ಭೇದಿಯ ಮೇಲೆ ಅವರು ಎರಡು ಫೇಜ್ ಜೋಡಿಸಿದರು: ಮೊದಲನೆಯದಕ್ಕೆ ನಿರೋಧಕವಾದ ತಳಿಯನ್ನು ಎರಡನೆಯದು ಹಿಡಿಯುವಂತೆ. ಭೇದಿ ಶುರುವಾಗುವ ಮೊದಲು ಕೊಟ್ಟಾಗ ಕರುಗಳು ಉಳಿದವು, ಶುರುವಾದ ಮೇಲೆ ಕೊಟ್ಟಾಗ ಆ ರಕ್ಷಣೆ ಸಿಗಲಿಲ್ಲ. ನೀವು ಬ್ಯಾಕ್ಟೀರಿಯಾದ ಎಣಿಕೆಯೊಂದನ್ನೇ ನೋಡಿದರೆ ಇಂಥ ಪರಿಣಾಮ ಕಣ್ಣಿಗೆ ಬೀಳುವುದೇ ಇಲ್ಲ.

ಫೇಜ್ ಕೊಡುವ ರೀತಿಯಲ್ಲೂ ಎರಡು ಮೂರು ಕಡೆ ಎಡವುವ ಸಂಭವವಿದೆ. 20 ಗ್ರಾಂ ತೂಕದ ಇಲಿಗೆ ಬಾಯಿಯಿಂದ ಒಮ್ಮೆ ಕೊಡಬಹುದಾದದ್ದು 0.2 ಮಿ.ಲೀ., ಅಂದರೆ ಕೆ.ಜಿ.ಗೆ 10 ಮಿ.ಲೀ. ಜಠರದ ಆಮ್ಲ ತಗ್ಗಿಸಲು ಸೋಡಿಯಂ ಬೈಕಾರ್ಬನೇಟ್ ಕೊಡುವುದಾದರೆ ಅದೂ ಈ 0.2ರೊಳಗೇ ಬರಬೇಕು, ಹೆಚ್ಚಾದರೆ ದ್ರವ ಮೇಲೆ ಬಂದು ಶ್ವಾಸನಾಳಕ್ಕೆ ಹೋಗುತ್ತದೆ. ಮೊದಲು ಇಲಿಯಿಲ್ಲದೆ ಪರೀಕ್ಷಿಸಿ: ಪಿಎಚ್ 2, 3, 4ರಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಫೇಜ್ ಉಳಿಯಿತೆಂದು ಎಣಿಸಿ. ಕುಡಿಯುವ ನೀರಿನಲ್ಲಿ ಫೇಜ್ ಬೆರೆಸುವ ಯೋಚನೆಯಿದ್ದರೆ ಆ ನೀರನ್ನು ವಿಚಾರಿಸಿ. ಅನೇಕ ಪ್ರಾಣಿಗೃಹಗಳು ಬ್ಯಾಕ್ಟೀರಿಯಾ ತಡೆಯಲು ನೀರಿಗೆ ಆಮ್ಲ ಸೇರಿಸಿ ಪಿಎಚ್ ಅನ್ನು 2.5ರಿಂದ 3ಕ್ಕೆ ಇಳಿಸಿರುತ್ತವೆ ಅಥವಾ ಕ್ಲೋರಿನ್ ಹಾಕಿರುತ್ತವೆ. ಅಂಥ ಬಾಟಲಿಯಲ್ಲಿ ಫೇಜ್ ಇಲಿಯನ್ನು ಮುಟ್ಟುವ ಮೊದಲೇ ಸತ್ತಿರುತ್ತದೆ.

ಇನ್ನು ಫೇಜ್ ದ್ರಾವಣದ ಶುದ್ಧತೆ. ಇ. ಕೋಲಿ ಒಡೆದು ಬಂದ ದ್ರವದಲ್ಲಿ ಫೇಜ್‌ನ ಜೊತೆಗೆ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ, ಉರಿಯೂತ ತರುವ ವಸ್ತು) ರಾಶಿ ಇರುತ್ತದೆ, ಅದು 0.22 ಫಿಲ್ಟರಿನಲ್ಲಿ ಸುಲಭವಾಗಿ ದಾಟುತ್ತದೆ. ಕರುಳಿನ ಉರಿಯೂತವನ್ನೋ ಸೈಟೊಕೈನ್ (ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನ್) ಅನ್ನೋ ಅಳೆಯುವುದಾದರೆ ಇದು ಫಲಿತಾಂಶವನ್ನೇ ತಿರುಚಬಲ್ಲದು. 1 ಮೋಲಾರ್ ಉಪ್ಪು ಮತ್ತು 10% ಪಾಲಿಎಥಿಲೀನ್ ಗ್ಲೈಕಾಲ್ 8000 ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಫೇಜ್ ಇಳಿಸಿಕೊಳ್ಳಿ, ಆಮೇಲೆ ಸೀಸಿಯಂ ಕ್ಲೋರೈಡ್ ಗ್ರೇಡಿಯೆಂಟ್ ಮಾಡಿ, ಎಂಡೊಟಾಕ್ಸಿನ್ ಅಳೆದು ನೋಡಿ. ಹೋಲಿಕೆಯ ಗುಂಪಿಗೆ ಬರೀ ಬಫರ್ ಕೊಟ್ಟರೆ ಸಾಲದು. ಫೇಜ್ ಇಲ್ಲದೆ ಒಡೆದ ಬ್ಯಾಕ್ಟೀರಿಯಾವನ್ನು ಇದೇ ಶುದ್ಧೀಕರಣದ ಮೂಲಕ ಹಾಯಿಸಿ ಒಂದು ಗುಂಪಿಗೆ, ನೇರಳಾತೀತ ಕಿರಣದಿಂದ ನಿಷ್ಕ್ರಿಯಗೊಳಿಸಿದ ಫೇಜ್ ಅನ್ನು ಇನ್ನೊಂದಕ್ಕೆ ಕೊಡಿ. ಮೊದಲನೆಯದು ಕಲ್ಮಶದ ಪಾತ್ರವನ್ನು, ಎರಡನೆಯದು ಫೇಜ್ ವೃದ್ಧಿಯ ಪಾತ್ರವನ್ನು ಬೇರ್ಪಡಿಸುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹೌದು, ಕೈಯಾಡಿಸಬಲ್ಲವು. ಕರುಳಿಗೆ ಸೋಂಕು ತಗಲಿಸುವ ಇಲಿಯ ನೊರೊವೈರಸ್ ಅನ್ನು ಗುರುತಿಸಿದ್ದು 2003ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಹುಡುಕಿದಾಗ ಸಂಶೋಧನಾ ಇಲಿಗಳಲ್ಲಿ ಅದು ಬಹಳ ವ್ಯಾಪಕವಾಗಿದೆ ಎಂದು ತಿಳಿಯಿತು. ಆರೋಗ್ಯವಂತ ಇಲಿಗಳಲ್ಲಿ ಅದು ರೋಗ ತೋರಿಸುವುದಿಲ್ಲ, ಅದಕ್ಕೇ ಗಮನಕ್ಕೆ ಬರುವುದಿಲ್ಲ. 2010ರ ಒಂದು ಅಧ್ಯಯನದಲ್ಲಿ, ಕ್ರೋನ್ಸ್ ಎಂಬ ಕರುಳಿನ ಉರಿಯೂತ ರೋಗಕ್ಕೆ ಸಂಬಂಧಿಸಿದ ಎಟಿಜಿ16ಎಲ್1 ಜೀನ್‌ನಲ್ಲಿ ದೋಷವಿದ್ದ ಇಲಿಗಳ ಪ್ಯಾನೆತ್ ಕೋಶಗಳು (ಸಣ್ಣಕರುಳಿನಲ್ಲಿ ಸೂಕ್ಷ್ಮಜೀವಿನಾಶಕಗಳನ್ನು ಸ್ರವಿಸುವ ಕೋಶಗಳು) ಹದಗೆಡಬೇಕಾದರೆ ಸಿಆರ್6 ಎಂಬ ನೊರೊವೈರಸ್ ತಳಿಯ ಸೋಂಕೂ ಬೇಕಿತ್ತು. ಹೆಚ್ಚು ಶುದ್ಧವಾದ ಪ್ರಾಣಿಗೃಹದಲ್ಲಿ ಬೆಳೆದ ಅದೇ ಜೀನ್‌ನ ಇಲಿಗಳಲ್ಲಿ ತೊಂದರೆ ಕಾಣಲಿಲ್ಲ. 2014ರಲ್ಲಿ ಇದೇ ವೈರಸ್, ಬ್ಯಾಕ್ಟೀರಿಯಾರಹಿತ ಇಲಿಗಳ ಕರುಳಿನ ರಚನೆಯನ್ನೂ ರೋಗನಿರೋಧಕ ಕೋಶಗಳನ್ನೂ ಬಹುಮಟ್ಟಿಗೆ ಸರಿಪಡಿಸುತ್ತದೆ ಎಂದು ತೋರಿತು.

ನಿಮ್ಮ ಪ್ರಯೋಗಕ್ಕೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಆಂಟಿಬಯಾಟಿಕ್ ಕೊಟ್ಟ ಇಲಿಗಳಲ್ಲಿ ಪೋಲಿಯೊ ವೈರಸ್ ಸೋಂಕು ಕುಗ್ಗುತ್ತದೆ ಎಂದು 2011ರಲ್ಲಿ, ನೊರೊವೈರಸ್ ದೀರ್ಘಕಾಲ ನೆಲೆಯೂರಲಾಗದು ಎಂದು 2015ರಲ್ಲಿ ವರದಿಯಾಯಿತು. ಅಂದರೆ ಲೀಟರಿಗೆ 5 ಗ್ರಾಂ ಸ್ಟ್ರೆಪ್ಟೊಮೈಸಿನ್ ಬೆರೆಸಿದ ನೀರು ಕೊಟ್ಟಾಗ ನೀವು ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಟ್ಟಿರುವುದಷ್ಟೇ ಅಲ್ಲ, ಪ್ರಾಣಿ ವೈರಸ್‌ಗಳ ಪರಿಸರವನ್ನೂ ಬದಲಿಸಿರಬಹುದು. ಆಂಟಿಬಯಾಟಿಕ್ ಪಡೆದು ಫೇಜ್ ಪಡೆಯದ ಗುಂಪು ಕಡ್ಡಾಯವಾಗಿ ಬೇಕು. ಪ್ರಯೋಗಕ್ಕೆ ಮುನ್ನ ಮತ್ತು ಕೊನೆಯಲ್ಲಿ ಹಿಕ್ಕೆಯ ಆರ್‌ಎನ್‌ಎ ತೆಗೆದು ನೊರೊವೈರಸ್‌ಗೂ ರೋಟಾವೈರಸ್‌ಗೂ ಪಿಸಿಆರ್ ಮಾಡಿಸಿ. ಬ್ಯಾಕ್ಟೀರಿಯಾ ಎಣಿಕೆ ಏರಿದ್ದಕ್ಕೆ ಈ ವೈರಸ್ಸೇ ಕಾರಣವೆಂದು ನಾನು ಹೇಳುತ್ತಿಲ್ಲ, ಅದರ ಸಾಧ್ಯತೆ ಕಡಿಮೆ. ಆದರೆ ಉರಿಯೂತದ ಅಳತೆಗಳನ್ನು ಓದುವಾಗ ವೈರಸ್ ಇತ್ತೋ ಇಲ್ಲವೋ ಗೊತ್ತಿರಲೇಬೇಕು.

ಪಂಜರದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಇಲಿಗಳು ತಮ್ಮ ಹಿಕ್ಕೆಯನ್ನೂ ಪಂಜರದ ಜೊತೆಗಾರರ ಹಿಕ್ಕೆಯನ್ನೂ ತಿನ್ನುತ್ತವೆ, ಆದ್ದರಿಂದ ಒಂದು ಇಲಿಯ ಫೇಜ್ ಎಲ್ಲ ಇಲಿಗಳ ಫೇಜ್ ಆಗುತ್ತದೆ, ನಿರೋಧಕ ತಳಿಯೂ ಅಷ್ಟೆ. ಎರಡು ಪಂಜರಗಳಲ್ಲಿ ಐದೈದು ಇಲಿಗಳಿದ್ದರೆ ಅಂಕಿಅಂಶದ ಲೆಕ್ಕಕ್ಕೆ ಅವು ಎರಡು, ಹತ್ತಲ್ಲ. ಐದು ಪಂಜರಗಳಲ್ಲಿ ಎರಡೆರಡು ಇಡುವುದು ಮೇಲು. ಪ್ರತಿದಿನ ಫೇಜ್ ಇಲ್ಲದ ಪಂಜರಗಳನ್ನು ಮೊದಲು ಮುಟ್ಟಿ, ಗುಂಪು ಬದಲಾದಾಗ ಕೈಗವಸು ಬದಲಿಸಿ. 70% ಆಲ್ಕೊಹಾಲ್ ಒರೆಸಿದರೆ ಹೊರಪೊರೆಯಿಲ್ಲದ ಫೇಜ್ ಆಗಲಿ ನೊರೊವೈರಸ್ ಆಗಲಿ ನಂಬುವಷ್ಟು ಸಾಯುವುದಿಲ್ಲ; ಆಗಷ್ಟೇ ತಯಾರಿಸಿದ ಬ್ಲೀಚ್ ದ್ರಾವಣವನ್ನು 10 ನಿಮಿಷ ನಿಲ್ಲಿಸಿ.

ಹೊಸ ಇಲಿಗಳಿಗೆ ನೈತಿಕ ಸಮಿತಿಯ ಅನುಮತಿ ಕೇಳುವ ಮೊದಲು ಫ್ರೀಜರಿನಲ್ಲಿ ಏನಿದೆ ನೋಡಿ. ಪ್ರತಿ ದಿನದ ಹಿಕ್ಕೆಯ ಒಂದು ಭಾಗ 20% ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ, ಸೋಸಿದ ಫೇಜ್ ಭಾಗ 4 ಡಿಗ್ರಿಯಲ್ಲಿ ಇದ್ದರೆ ಮೊದಲ ದಿನದ ಬ್ಯಾಕ್ಟೀರಿಯಾವನ್ನು ಮೂರನೇ ದಿನದ ಫೇಜ್ ಎದುರು, ಮೂರನೇ ದಿನದ್ದನ್ನು ಮೊದಲ ದಿನದ ಫೇಜ್ ಎದುರು ನಿಲ್ಲಿಸಿ ನೋಡಬಹುದು. ಯಾವುದು ಯಾವುದಕ್ಕೆ ಹೊಂದಿಕೊಂಡು ಬದಲಾಯಿತು ಎಂಬುದು ಅದರಲ್ಲೇ ಗೊತ್ತಾಗುತ್ತದೆ, ಒಂದು ಇಲಿಯೂ ಬೇಕಾಗುವುದಿಲ್ಲ. ಆ 20 ಕಾಲೊನಿಗಳ ಫಲಿತಾಂಶ ಬಂದ ಮೇಲೆ ಇಲ್ಲೇ ಬರೆಯಿರಿ. ನಿರೋಧಕ ತಳಿಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಎರಡನೇ ಫೇಜ್ ಅನ್ನು ಅವುಗಳ ಮೇಲೆಯೇ ಹುಡುಕಿ ಆರಿಸುವುದು ಹೇಗೆ ಎಂದು ವಿವರವಾಗಿ ತಿಳಿಸುತ್ತೇನೆ.