ಒಂದೇ ಸರ್ವರ್, ಎರಡು ಪೋರ್ಟ್

ಪ್ರಶ್ನೆ: ನಮ್ಮ ಸಂಸ್ಥೆಯ ಜಾಲತಾಣವು ಉಬುಂಟು ಸರ್ವರ್‌ನಲ್ಲಿ ಅಪಾಚೆ 2.4 ಎಂಬ ವೆಬ್ ಸರ್ವರ್ ತಂತ್ರಾಂಶದ ಮೂಲಕ 80ನೇ ಪೋರ್ಟ್‌ನಲ್ಲಿ (ಸಂಪರ್ಕಗಳು ಬರುವ, ಸಂಖ್ಯೆಯಿಂದ ಗುರುತಿಸುವ ದ್ವಾರ) ನಡೆಯುತ್ತಿದೆ. ಅದರ ಹೊಸ ಆವೃತ್ತಿಯನ್ನು ಸಿಬ್ಬಂದಿ ಮಾತ್ರ ಪರೀಕ್ಷಿಸಲೆಂದು 8080ನೇ ಪೋರ್ಟ್‌ಗೆ ಪ್ರತ್ಯೇಕ ವರ್ಚುವಲ್ ಹೋಸ್ಟ್ (ಒಂದೇ ಸರ್ವರ್‌ನಲ್ಲಿ ಇನ್ನೊಂದು ತಾಣ ನಡೆಸುವ ಸಂರಚನೆ) ಬರೆದು, ಅಪಾಚೆಯನ್ನು ಮರುಚಾಲನೆ ಮಾಡಿದೆವು. ಆದರೂ ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶವೇ ಬರುತ್ತಿದೆ. ಏನು ಮಾಡಬೇಕು?

ಉತ್ತರ: ನಿಮಗೆ ಬಂದಿರುವ ಸಂದೇಶದಲ್ಲೇ ಕಾರಣದ ಸುಳಿವಿದೆ. ಸಂಪರ್ಕ ಕೂಡಲೇ ನಿರಾಕರಣೆಯಾದರೆ ಸಾಮಾನ್ಯವಾಗಿ ಆ ಪೋರ್ಟ್‌ನಲ್ಲಿ ಯಾವ ತಂತ್ರಾಂಶವೂ ಕೇಳಿಸಿಕೊಳ್ಳುತ್ತಿಲ್ಲ ಎಂದು ತಿಳಿಯಬೇಕು. ಬಹಳ ಹೊತ್ತು ಕಾದು ಸಮಯ ಮೀರಿದರೆ ಫೈರ್‌ವಾಲ್ (ಅನುಮತಿಯಿಲ್ಲದ ಸಂಪರ್ಕಗಳನ್ನು ತಡೆಯುವ ವ್ಯವಸ್ಥೆ) ತಡೆಯುತ್ತಿರುವ ಸಂಭವ ಹೆಚ್ಚು.

ವರ್ಚುವಲ್ ಹೋಸ್ಟ್ ಬರೆದ ಮಾತ್ರಕ್ಕೆ ಪೋರ್ಟ್ ತೆರೆದುಕೊಳ್ಳುವುದಿಲ್ಲ. ಪೋರ್ಟ್ ತೆರೆಯುವುದು ‘ಲಿಸನ್’ ಎಂಬ ನಿರ್ದೇಶನದ ಕೆಲಸ. ತೆರೆದ ಪೋರ್ಟ್‌ಗೆ ಬಂದ ಕೋರಿಕೆಗೆ ಯಾವ ಫೋಲ್ಡರ್‌ನಿಂದ ಪುಟ ಕೊಡಬೇಕೆಂದು ನಿರ್ಧರಿಸುವುದಷ್ಟೇ ವರ್ಚುವಲ್ ಹೋಸ್ಟ್‌ನ ಕೆಲಸ. ಉಬುಂಟುವಿನಲ್ಲಿ ಲಿಸನ್ ಸಾಲುಗಳು ‘ಪೋರ್ಟ್ಸ್ ಡಾಟ್ ಕಾನ್ಫ್’ ಕಡತದಲ್ಲಿರುತ್ತವೆ. ಅಲ್ಲಿರುವ ‘ಲಿಸನ್ 80’ ಸಾಲನ್ನು ಹಾಗೆಯೇ ಉಳಿಸಿ, ಅದರ ಕೆಳಗೆ 8080ಕ್ಕೆ ಇನ್ನೊಂದು ಸಾಲು ಸೇರಿಸಿ. ಅದೇ ಪೋರ್ಟ್ ಎರಡು ಕಡೆ ನಮೂದಾಗದಂತೆ ನೋಡಿಕೊಳ್ಳಿ, ಏಕೆಂದರೆ ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬಂದು ಅಪಾಚೆ ಏಳುವುದೇ ಇಲ್ಲ. ಟಾಮ್‌ಕ್ಯಾಟ್‌ನಂತಹ ಬೇರೆ ತಂತ್ರಾಂಶ 8080ನ್ನು ಮೊದಲೇ ಹಿಡಿದಿದ್ದರೂ ಇದೇ ತೊಂದರೆ.

ಇದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಸಿಬ್ಬಂದಿಗೆ ಮಾತ್ರ ಎಂದು ನೀವು ಬರೆದಿದ್ದೀರಿ. ಆದರೆ ಬರಿಯ ‘ಲಿಸನ್ 8080’ ಎಂದರೆ ಸರ್ವರ್‌ನ ಎಲ್ಲ ಐಪಿ ವಿಳಾಸಗಳಲ್ಲೂ ಅದು ತೆರೆದಿರುತ್ತದೆ. ಪೋರ್ಟ್ ಸಂಖ್ಯೆ ಗುಟ್ಟಾಗಿ ಉಳಿಯುತ್ತದೆಂದು ನಂಬಬೇಡಿ, ತೆರೆದ ಪೋರ್ಟ್‌ಗಳನ್ನು ಹುಡುಕುವ ಯಂತ್ರಗಳು ಅಂತರಜಾಲದಲ್ಲಿ ಹಗಲಿರುಳೂ ಓಡುತ್ತಿರುತ್ತವೆ. ಆದ್ದರಿಂದ ಸಂಖ್ಯೆಯ ಮುಂದೆ ಕಚೇರಿಯ ಒಳಜಾಲದಲ್ಲಿ ಸರ್ವರ್‌ಗಿರುವ ವಿಳಾಸವನ್ನೂ ಸೇರಿಸಿ, ಉದಾಹರಣೆಗೆ ‘ಲಿಸನ್ 192.168.1.10:8080’ ಎಂದು ಬರೆಯಿರಿ. ಸರ್ವರ್ ಹೊರಗಿನ ಡೇಟಾ ಸೆಂಟರ್‌ನಲ್ಲಿದ್ದರೆ 127.0.0.1ಕ್ಕೆ, ಅಂದರೆ ಸರ್ವರ್ ತನ್ನೊಳಗೆ ಮಾತ್ರ ಬಳಸುವ ವಿಳಾಸಕ್ಕೆ, ಸೀಮಿತಗೊಳಿಸಿ, ಸಿಬ್ಬಂದಿ ಎಸ್‌ಎಸ್‌ಎಚ್ ಟನಲ್ (ಸರ್ವರ್‌ಗೆ ಲಾಗಿನ್ ಆಗಿ ಪಡೆಯುವ ಸುರಕ್ಷಿತ ಸಂಪರ್ಕ) ಮೂಲಕ ತಲುಪುವಂತೆ ಮಾಡುವುದು ಲೇಸು.

ನಂತರ ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಆದೇಶದಿಂದ ಬರವಣಿಗೆಯನ್ನು ಪರೀಕ್ಷಿಸಿ, ಮರುಚಾಲನೆ ಮಾಡಿ, ತೆರೆದ ಪೋರ್ಟ್‌ಗಳನ್ನು ತೋರಿಸುವ ‘ಎಸ್‌ಎಸ್’ ಆದೇಶದಿಂದ ಅಪಾಚೆ ಎರಡೂ ಪೋರ್ಟ್‌ಗಳಲ್ಲಿ ನಿಂತಿದೆಯೇ ಎಂದು ನೋಡಿ. ಪುಟ ಬಂದರೂ ಅದು ಹೊಸ ಆವೃತ್ತಿಯದಲ್ಲದಿದ್ದರೆ, ನಿಮ್ಮ ವರ್ಚುವಲ್ ಹೋಸ್ಟ್ ಕಡತವನ್ನು ‘ಎ2ಎನ್‌ಸೈಟ್’ ಆದೇಶದಿಂದ ಸಕ್ರಿಯಗೊಳಿಸಿಲ್ಲವೆಂದು ಅನುಮಾನಿಸಬಹುದು. ಹೊಂದುವ ವರ್ಚುವಲ್ ಹೋಸ್ಟ್ ಇಲ್ಲದಾಗ ಅಪಾಚೆಯ ಮುಖ್ಯ ಸಂರಚನೆಯೇ ಉತ್ತರ ಕೊಡುತ್ತದೆ. ಒಳಜಾಲದ ವಿಳಾಸವನ್ನು ಬಳಸಿದ್ದು, ಸರ್ವರ್‌ನಲ್ಲಿ ಫೈರ್‌ವಾಲ್ ಇದ್ದರೆ, ಆ ಜಾಲದ ಕಂಪ್ಯೂಟರ್‌ಗಳಿಗೆ ಮಾತ್ರ 8080ಕ್ಕೆ ಅನುಮತಿ ನೀಡಿ.