ಮೋಶೆಯ ಮಾವ ಒಬ್ಬನೇ ಬಂದಿರಲಿಲ್ಲ

ಈ ಸಲ ಒಂದೇ ಪತ್ರ ಎತ್ತಿಕೊಂಡಿದ್ದೇನೆ. ಬರೆದವರು ಹೆಸರು ಬೇಡ ಎಂದಿದ್ದಾರೆ. ವಿಷಯ ಇಷ್ಟು. ಅವರ ಯಜಮಾನರು ಚರ್ಚಿನ ಕಾರ್ಯದರ್ಶಿ. ಜತೆಗೆ ಗಾಯನ ಮಂಡಳಿ, ಸಂಡೇ ಸ್ಕೂಲು, ಆಸ್ಪತ್ರೆ ಭೇಟಿ. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವರು ಇವರೇ. ಕೆಲಸದಿಂದ ಬಂದು, ಬಟ್ಟೆ ಬದಲಿಸಿ, ಮತ್ತೆ ಹೊರಟರೆ ವಾಪಸ್ಸು ಬರುವುದು ಮಕ್ಕಳು ಮಲಗಿದ ಮೇಲೆ. ಒಂದು ಸಂಜೆ ಹದಿಮೂರರ ಮಗಳು ಪಕ್ಕದ ಕೋಣೆಯಿಂದಲೇ ಅಪ್ಪನಿಗೆ ಫೋನ್ ಮಾಡಿದಳಂತೆ. ಅವರು ನಂಬರೂ ನೋಡದೆ ಎತ್ತಿ, "ದೇವರಿಗೆ ಸ್ತೋತ್ರ, ಹೇಳಿ, ಏನಾಗಬೇಕಿತ್ತು?" ಎಂದರಂತೆ. ಅವತ್ತು ರಾತ್ರಿ ಈ ತಾಯಿ ಗಂಡನ ಜತೆ ಜೋರಾಗಿಯೇ ಮಾತಾಡಿದ್ದಾರೆ. ಅದು ಹೇಗೋ ನಾಲ್ಕು ಕಿವಿಗೆ ಬಿದ್ದಿದೆ. ಚರ್ಚಿನ ಹಿರಿಯರೊಬ್ಬರ ಹೆಂಡತಿ ಮನೆಗೇ ಬಂದು, "ದೇವರ ಕೆಲಸಕ್ಕೆ ಅಡ್ಡ ನಿಲ್ಲಬೇಡಮ್ಮ, ನಿನ್ನ ತ್ಯಾಗಕ್ಕೂ ಪ್ರತಿಫಲ ಇದೆ" ಎಂದು ಬುದ್ಧಿ ಹೇಳಿ ಹೋಗಿದ್ದಾರೆ. "ನಾನು ಸ್ವಾರ್ಥಿಯಾ? ಪಾಸ್ಟರಿಗೆ ಹೇಳಲಾ, ಸುಮ್ನೆ ಇರಲಾ?" ಅನ್ನೋದು ಇವರ ಪ್ರಶ್ನೆ.

ಸಹೋದರಿಯವರೇ,

ನೀವು ಸ್ವಾರ್ಥಿ ಅಲ್ಲ. ಸುಮ್ಮನೆ ಇರಲೂ ಬೇಡಿ.

ನಿಮ್ಮ ಯಜಮಾನರ ಬಗ್ಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅವರು ಕೆಟ್ಟವರಲ್ಲ. ನಡುರಾತ್ರಿ ಕರೆದರೂ ಎದ್ದು ಬರುವ ಒಬ್ಬ ಮನುಷ್ಯ ಇಲ್ಲದಿದ್ದರೆ ಎಷ್ಟೋ ಕ್ರೈಸ್ತ ಸಭೆಗಳ ಬಾಗಿಲು ಮುಚ್ಚಿರುತ್ತಿತ್ತು. ಮನೆ ಬಿಟ್ಟು ಹೊರಗೆ ಹೋದವರಿಂದಲೇ ಲೋಕಕ್ಕೆ ಒಳ್ಳೆಯದಾದದ್ದೂ ಉಂಟು. ಜೈಲು ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರನ್ನು ನೋಡಲು ಹೋದಾಗ ಆಕೆಯ ಮನೆ ತುಂಬ ಮಕ್ಕಳು. ಕೊನೆಗೆ ಹನ್ನೊಂದು ಮಕ್ಕಳ ತಾಯಿ. ಮನೆ ನೋಡಿಕೊಳ್ಳುವುದಿಲ್ಲ ಎಂದು ಜನ ಆಡಿಕೊಂಡರು. ಆಕೆ ಮನೆಯಲ್ಲೇ ಕೂತಿದ್ದರೆ ಆ ಜೈಲಿನ ಹೆಂಗಸರ ಗತಿ ಏನಾಗುತ್ತಿತ್ತು? ಒಪ್ಪೋಣ. ಆದರೆ ಆಡಿಕೊಂಡದ್ದು ಹೆಂಗಸನ್ನು, ನೋಡಿ. ಅದೇ ಕೆಲಸ ಗಂಡಸು ಮಾಡಿದ್ದರೆ ಮನೆಯಲ್ಲಿ ಮಕ್ಕಳೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಈಗ ಇಸ್ರಾಯೇಲರ ನಾಯಕ ಮೋಶೆಯ ಕಡೆ ಬರುತ್ತೇನೆ. ಎಷ್ಟೋ ದಿನದಿಂದ ಇದನ್ನು ಬರೆಯಬೇಕು ಎಂದುಕೊಂಡಿದ್ದೆ, ನಿಮ್ಮ ಪತ್ರ ನೆಪವಾಯಿತು. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದ ಮೇಲೆ ನೀವು ಚರ್ಚಿನಲ್ಲಿ ಪ್ರಸಂಗ ಕೇಳಿಯೇ ಇರುತ್ತೀರಿ. ನಾಯಕತ್ವ ತರಬೇತಿ ಎಂದರೆ ಸಾಕು, ಅದನ್ನೇ ತೆಗೆಯುತ್ತಾರೆ. ಮೋಶೆ ಬೆಳಗ್ಗೆಯಿಂದ ಸಾಯಂಕಾಲದವರೆಗೆ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಮಾವ ಇತ್ರೋ ನೋಡಿದ. ನೀನು ಮಾಡೋದು ಸರಿಯಲ್ಲ, ನೀನೂ ಬಳಲುತ್ತೀಯ, ಈ ಜನರೂ ಬಳಲುತ್ತಾರೆ ಎಂದ. ಸಾವಿರ ಮಂದಿಗೆ, ನೂರು ಮಂದಿಗೆ, ಐವತ್ತು ಮಂದಿಗೆ, ಹತ್ತು ಮಂದಿಗೆ ಒಬ್ಬೊಬ್ಬ ಮುಖಂಡನನ್ನು ನೇಮಿಸು ಎಂದ. ಪ್ರಸಂಗ ಇಲ್ಲಿಗೆ ಮುಗಿಯುತ್ತದೆ. ಕೆಲಸ ಹಂಚುವುದು ಹೇಗೆ ಎಂದು ನಾವೆಲ್ಲ ಬರೆದುಕೊಂಡು ಎದ್ದು ಹೋಗುತ್ತೇವೆ.

ಆದರೆ ಆ ಅಧ್ಯಾಯ ಶುರುವಾಗುವುದು ಹೇಗೆ? ಇತ್ರೋ ಒಬ್ಬನೇ ಬಂದಿರಲಿಲ್ಲ. ಮೋಶೆಯ ಹೆಂಡತಿ ಚಿಪ್ಪೋರಳನ್ನೂ, ಇಬ್ಬರು ಗಂಡುಮಕ್ಕಳು ಗೇರ್ಷೋಮ್ ಮತ್ತು ಎಲೀಯೆಜರರನ್ನೂ ಕರೆದುಕೊಂಡು ಬಂದಿದ್ದ. ಮೋಶೆ ಅವರನ್ನು ಮೊದಲೇ ತವರಿಗೆ ಕಳಿಸಿಬಿಟ್ಟಿದ್ದ. ಮಾವ ಬರುತ್ತಾನೆ ಎಂದು ತಿಳಿದು ಮೋಶೆ ಎದುರು ಹೋದ, ಅಡ್ಡಬಿದ್ದ, ಮುದ್ದಿಟ್ಟ, ಕ್ಷೇಮ ಕೇಳಿದ, ಡೇರೆಯೊಳಗೆ ಕರೆದುಕೊಂಡು ಹೋದ. ಇದೆಲ್ಲ ಮಾವನಿಗೆ. ಹೆಂಡತಿಗೆ ಏನು ಹೇಳಿದ, ಮಕ್ಕಳನ್ನು ಎತ್ತಿಕೊಂಡನಾ? ಒಂದು ಸಾಲೂ ಇಲ್ಲ. ಮಾರನೆಯ ದಿನ ಬೆಳಗ್ಗೆ ಅವನು ಮತ್ತೆ ನ್ಯಾಯ ತೀರಿಸಲು ಕೂತಿದ್ದಾನೆ.

ಆ ಮಾವನ ಜಾಗದಲ್ಲಿ ನಿಂತು ನೋಡಿ. ಮಗಳನ್ನೂ ಮೊಮ್ಮಕ್ಕಳನ್ನೂ ಮರುಭೂಮಿ ದಾಟಿಸಿ ತಂದು ಬಿಟ್ಟಿದ್ದಾನೆ. ಬೆಳಗಾಗುವಷ್ಟರಲ್ಲಿ ಅಳಿಯನ ಡೇರೆಯ ಮುಂದೆ ಸಾಲು. ಸಂಜೆಯಾದರೂ ಸಾಲು ಕರಗಿಲ್ಲ. ಅವನು ಬಾಯಿ ಬಿಟ್ಟದ್ದು ಆಗ. ಆಡಳಿತದ ಪಾಠ ಹೇಳಲಿಕ್ಕೆಂದು ಅವನು ತನ್ನ ನಾಡು ಮಿದ್ಯಾನಿನಿಂದ ಹೊರಟಿರಲಿಲ್ಲ, ಒಂದು ಸಂಸಾರವನ್ನು ಕೂಡಿಸಲು ಹೊರಟಿದ್ದ. ನಮ್ಮ ಪ್ರಸಂಗಿಗಳು ಮೊದಲ ಆರು ವಚನ ಯಾಕೆ ಬಿಡುತ್ತಾರೋ ನನಗಂತೂ ಅರ್ಥವಾಗಿಲ್ಲ. ಓದಿದರೆ ಅವರ ಮನೆಯವರೂ ಕೇಳಿಸಿಕೊಳ್ಳುತ್ತಾರೆ ಅಂತಲೋ ಏನೋ.

ಇಷ್ಟಾಗಿಯೂ ಇತ್ರೋ ಅಳಿಯನಿಗೆ ಸೇವೆ ಬಿಡು ಎನ್ನಲಿಲ್ಲ. ಹಂಚು ಎಂದ. ನನ್ನ ಮಾತೂ ಅದೇ. ಒಂದು ಸಭೆಯಲ್ಲಿ ಒಬ್ಬನೇ ಎಲ್ಲ ಮಾಡುತ್ತಿದ್ದಾನೆ ಅಂದರೆ ಅದರಲ್ಲಿ ಅವನ ದೊಡ್ಡತನಕ್ಕಿಂತ ಉಳಿದವರ ಸೋಮಾರಿತನವೇ ಜಾಸ್ತಿ. ಆ ಸೋಮಾರಿತನದ ಬಾಕಿಯನ್ನು ತೀರಿಸುತ್ತಿರುವುದು ಅವನ ಹೆಂಡತಿ, ಮಕ್ಕಳು. ನಿಮ್ಮ ಸಭೆಯವರು ಹಾಯಾಗಿ ಬೆಂಚಿಗೆ ಒರಗಿ ಕೂತಿದ್ದಾರೆ. ಖರ್ಚು ನಿಮ್ಮ ಮಗಳ ಲೆಕ್ಕಕ್ಕೆ.

ಆದಿಸಭೆಯಲ್ಲಿ ಇದೇ ಪೇಚು ಬಂದಾಗ ಯೇಸುವಿನ ಶಿಷ್ಯರಾದ ಅಪೊಸ್ತಲರು ಏನು ಮಾಡಿದರು? ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ಗೊಣಗಾಟ ಎದ್ದಿತು. ಪೇತ್ರ ಇನ್ನೂ ಎರಡು ಗಂಟೆ ಜಾಸ್ತಿ ಓಡಾಡುತ್ತೇನೆ ಎನ್ನಲಿಲ್ಲ. ಹನ್ನೆರಡು ಮಂದಿಯೂ ಸೇರಿ, ನೀವೇ ಏಳು ಜನರನ್ನು ಆರಿಸಿ ಎಂದರು. ಆ ಏಳರಲ್ಲಿ ಫಿಲಿಪ್ಪ ಒಬ್ಬ. ಅಪೊಸ್ತಲರ ಕೃತ್ಯಗಳು ಪುಸ್ತಕದ 21ನೇ ಅಧ್ಯಾಯಕ್ಕೆ ಬನ್ನಿ, ಅವನು ಮತ್ತೆ ಸಿಗುತ್ತಾನೆ. ಕೈಸರೈಯದಲ್ಲಿ ಅವನ ಮನೆ. ಪೌಲ ಮತ್ತವನ ಜತೆಯವರು ಉಳಿದುಕೊಂಡದ್ದು ಅಲ್ಲೇ. ಆ ಮನೆಯಲ್ಲಿ ನಾಲ್ಕು ಮಂದಿ ಹೆಣ್ಣುಮಕ್ಕಳು, ನಾಲ್ವರೂ ಪ್ರವಾದಿಸುವವರು. ಬಡಿಸುವ ಕೆಲಸಕ್ಕೆ ಆರಿಸಿದ ಮನುಷ್ಯನ ಮಕ್ಕಳು ಇವರು. ಅಪ್ಪನ ಸೇವೆ ಅವರ ಮನೆಬಾಗಿಲಿನ ಒಳಗೂ ಬಂದಿತ್ತು ಅನ್ನೋದಕ್ಕೆ ಇನ್ನೇನು ಬೇಕು? ಪೇತ್ರನೂ ಅಷ್ಟೇ. ತಿರುಗಾಟಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಿದ್ದ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದಿಂದ ಗೊತ್ತಾಗುತ್ತದೆ. ಅದೇ ಪತ್ರದ ಕೊನೆಯಲ್ಲಿ ಪೌಲ ಹೊಗಳುವುದು ಸ್ತೆಫನನೊಬ್ಬನನ್ನಲ್ಲ, ಸ್ತೆಫನನ ಮನೆಯವರನ್ನು.

ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯ ಮನೆಯವರ ಕತೆ ಹೇಳದೆ ನನ್ನ ಕೈಲಿ ಮುಂದೆ ಹೋಗಲಾಗುವುದಿಲ್ಲ. ತಾಯಿ ಸುಸಾನಾ ಹತ್ತೊಂಬತ್ತು ಹೆತ್ತವಳು, ಉಳಿದದ್ದು ಹತ್ತು. 1711ರ ಚಳಿಗಾಲದಲ್ಲಿ ಪಾದ್ರಿಯಾಗಿದ್ದ ಗಂಡ ಸಭೆಯ ಕೆಲಸಕ್ಕೆಂದು ಲಂಡನ್ನಿನಲ್ಲಿದ್ದ. ಇಂಗ್ಲೆಂಡಿನ ಎಪ್ವರ್ತಿನ ಮನೆಯಲ್ಲಿ ಆಕೆ ಭಾನುವಾರ ಸಂಜೆ ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಪ್ರಸಂಗ ಓದುತ್ತಿದ್ದಳು. ಅಕ್ಕಪಕ್ಕದವರು ಬಂದರು. ಬರುಬರುತ್ತಾ ಇನ್ನೂರು ಜನ ಆದರು. ಚರ್ಚಿನಲ್ಲಿದ್ದ ಸಹಾಯಕ ಪಾದ್ರಿಗೆ ಹೊಟ್ಟೆಕಿಚ್ಚು, ದೂರು ಬರೆದ. ಗಂಡ ನಿಲ್ಲಿಸು ಎಂದು ಪತ್ರ ಹಾಕಿದ. ಬರೀ ನಿಮ್ಮ ಇಷ್ಟ ಹೇಳಿದರೆ ಆಗದು, ಸ್ಪಷ್ಟವಾಗಿ ಅಪ್ಪಣೆ ಕೊಡಿ, ನಾಳೆ ದೇವರ ನ್ಯಾಯಾಸನದ ಮುಂದೆ ನಾನು ತಪ್ಪಿತಸ್ಥೆ ಆಗಬಾರದು ಎಂದು ಆಕೆ ಉತ್ತರ ಕೊಟ್ಟಳು. ಅಷ್ಟೆಲ್ಲದರ ನಡುವೆ ಒಂದೊಂದು ಸಂಜೆ ಒಂದೊಂದು ಮಗುವಿಗೆ ಮೀಸಲು. ಸೋಮವಾರ ಒಬ್ಬಳು, ಮಂಗಳವಾರ ಇನ್ನೊಬ್ಬಳು. ಗುರುವಾರ ಜಾನ್‌ನ ಸರದಿ. ಅವನು ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿದ್ದಾಗ, ಆ ಗುರುವಾರದ ಸ್ವಲ್ಪ ಹೊತ್ತನ್ನು ಈಗಲೂ ನನಗೆ ಕೊಡುತ್ತೀಯಾ ಎಂದು ತಾಯಿಗೆ ಬರೆದ.

ಅಂಥ ತಾಯಿಯ ಮಗ 1751ರಲ್ಲಿ ಮೇರಿ ವ್ಯಾಝೀಲ್ ಎಂಬ ವಿಧವೆಯನ್ನು ಮದುವೆಯಾದ. ಮದುವೆಯಾಗಿ ಸುಮಾರು ಒಂದು ತಿಂಗಳಿಗೆ ದಿನಚರಿಯಲ್ಲಿ ಬರೆದುಕೊಂಡ: ಮದುವೆಯಾಯಿತು ಅಂತ ಒಬ್ಬ ಮೆಥಡಿಸ್ಟ್ ಪ್ರಸಂಗಿ ಒಂದು ಪ್ರಸಂಗ ಕಮ್ಮಿ ಮಾಡಿದರೂ, ಒಂದು ದಿನದ ಪ್ರಯಾಣ ಕಮ್ಮಿ ಮಾಡಿದರೂ ದೇವರಿಗೆ ಏನೆಂದು ಉತ್ತರ ಕೊಟ್ಟಾನು? ಮಾತಿಗೆ ತಕ್ಕಂತೆ ನಡೆದುಕೊಂಡ, ಕುದುರೆ ಇಳಿಯಲೇ ಇಲ್ಲ. ಆಕೆಯದ್ದು ಸಿಡುಕಿನ ಸ್ವಭಾವ ಎಂದು ಬರೆದವರೇ ಜಾಸ್ತಿ. ಇರಬಹುದು. ಮನೆಗೆ ಬಾರದ ಗಂಡನ ಹೆಂಡತಿ ನಗುನಗುತ್ತಾ ಇರಬೇಕಿತ್ತು ಅಂತಲಾ? ಇಬ್ಬರೂ ಬೇರೆಯಾದರು. 1781ರಲ್ಲಿ ಆಕೆ ತೀರಿಕೊಂಡಾಗ, ಮಣ್ಣಾದ ಮೇಲೆ ಅವನಿಗೆ ಸುದ್ದಿ ಸಿಕ್ಕಿತು. ಜಾನ್ ವೆಸ್ಲಿಯಿಂದ ಲಕ್ಷಾಂತರ ಜನರಿಗೆ ಬೆಳಕು ಸಿಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ತಾಯಿ, ಮಗ ಇಬ್ಬರಲ್ಲಿ ಒಬ್ಬರನ್ನು ನಿಮ್ಮ ಯಜಮಾನರಿಗೆ ಮಾದರಿ ಮಾಡಿ ಎಂದರೆ ನಾನು ತೋರಿಸುವುದು ತಾಯಿಯನ್ನೇ.

"ಏನು ಮಾಡೋದು ಸಾರ್, ಬೇರೆ ಯಾರೂ ಮುಂದೆ ಬರಲ್ಲ" ಎಂದು ನಿಮ್ಮ ಯಜಮಾನರು ಹೇಳುತ್ತಾರೆ. ಅವರನ್ನು ಭೇಟಿಯಾಗದೆಯೂ ಇದು ನನಗೆ ಗೊತ್ತು, ಯಾಕೆಂದರೆ ಎಲ್ಲರೂ ಇದನ್ನೇ ಹೇಳುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮ ಸಭೆಯಲ್ಲಿ ಒಬ್ಬ ಹಿರಿಯರಿದ್ದರು. ಚರ್ಚಿನ ಬೀಗದ ಕೈ ಗೊಂಚಲು ಅವರ ಸೊಂಟದಲ್ಲೇ. ಮುಂಬಾಗಿಲು, ಕಾಣಿಕೆ ಪೆಟ್ಟಿಗೆ, ಹಾರ್ಮೋನಿಯಂ ಇಟ್ಟ ಬೀರು, ಎಲ್ಲದಕ್ಕೂ ಒಂದೊಂದು. ಪ್ರಾರ್ಥನೆಗೆ ಮೊಣಕಾಲೂರಿದರೆ ಮೊದಲು ಝಣ್ ಅನ್ನುತ್ತಿತ್ತು, ಆಮೇಲೆ "ಪರಲೋಕದ ತಂದೆಯೇ". ಯಾರೂ ಮುಂದೆ ಬರುವುದಿಲ್ಲ ಎಂದು ಅವರು ವರ್ಷಕ್ಕೊಮ್ಮೆ ಕಣ್ಣೀರು ಹಾಕುತ್ತಿದ್ದರು. ಒಮ್ಮೆ ಇಬ್ಬರು ಹುಡುಗರು, ನಾವು ಬೆಳಗ್ಗೆ ಬೇಗ ಬಂದು ಬಾಗಿಲು ತೆಗೆದು ಗುಡಿಸುತ್ತೇವೆ, ಬೀಗದ ಕೈ ಕೊಡಿ ಎಂದರು. ಅವರು ಗೊಂಚಲಿನ ಮೇಲೆ ಅಂಗೈ ಇಟ್ಟುಕೊಂಡು, "ನಿಮಗೆ ಗೊತ್ತಾಗಲ್ಲ ಕಣ್ರೋ, ಆ ಬೀಗ ಸ್ವಲ್ಪ ತಿರುಗಿಸಿ ಎತ್ತಬೇಕು" ಎಂದರು. ಹುಡುಗರು ಮತ್ತೆ ಕೇಳಲಿಲ್ಲ.

ಎಲ್ಲರೂ ಹೀಗೇ ಅಂತಲ್ಲ. ಆದರೆ ನಿಮ್ಮವರ ಬಳಿ ಅಂಥ ಗೊಂಚಲು ಯಾವುದಾದರೂ ಇದೆಯಾ ನೋಡಿ. ಮನೆಯಲ್ಲಿ ಹೆಂಡತಿ ಬೈಯುತ್ತಾಳೆ, ಮಗಳು ಮುಖ ತಿರುಗಿಸುತ್ತಾಳೆ. ಚರ್ಚಿನಲ್ಲಿ "ನೀವಿಲ್ಲದಿದ್ರೆ ಏನೂ ನಡೆಯಲ್ಲ ಬ್ರದರ್" ಎನ್ನುತ್ತಾರೆ. ಯಾರಿಗಾದರೂ ಎಲ್ಲಿರಲು ಇಷ್ಟವಾಗುತ್ತದೆ ಹೇಳಿ.

ನಿಮ್ಮನ್ನೂ ಸ್ವಲ್ಪ ಗದರಿಸಬೇಕು. "ನಾನೇನೂ ಸೇವೆ ಮಾಡುವುದಿಲ್ಲ, ಮನೆಯಲ್ಲೇ ಇರುತ್ತೇನೆ" ಎಂದು ಬರೆದಿದ್ದೀರಿ. ಅದೇ ಪತ್ರದ ಎರಡನೇ ಪುಟದಲ್ಲಿ, ಆಸ್ಪತ್ರೆಯಿಂದ ಬಿಟ್ಟ ಅಜ್ಜಿಯೊಬ್ಬರನ್ನು ಯಜಮಾನರು ಮನೆಗೆ ಕರೆತಂದರು, ಮಗ ಬಂದು ಕರೆದುಕೊಂಡು ಹೋಗುವವರೆಗೆ ನಮ್ಮಲ್ಲೇ ಇದ್ದರು ಎಂದೂ ಇದೆ. ಆ ಅಜ್ಜಿಯ ಹಾಸಿಗೆ ಬಟ್ಟೆ ಒಗೆದವರು ಯಾರು? ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟವರು ಯಾರು? ರಾತ್ರಿ ಕೈಹಿಡಿದು ಬಚ್ಚಲಿಗೆ ನಡೆಸಿದವರು ಯಾರು? ಚರ್ಚಿನ ವಾರ್ಷಿಕ ವರದಿಯಲ್ಲಿ ಅದು "ಆಸ್ಪತ್ರೆ ಭೇಟಿ ಮತ್ತು ಪರಾಮರಿಕೆ, ಕಾರ್ಯದರ್ಶಿಯವರಿಂದ" ಎಂದು ಬರುತ್ತದೆ. ನೀವೂ ಅದನ್ನೇ ನಂಬಿಬಿಟ್ಟಿದ್ದೀರಿ. ನಿಮಗೆ ಬುದ್ಧಿ ಹೇಳಿ ಹೋದರಲ್ಲ, ಆ ತಾಯಿ ಅದರಲ್ಲಿ ಒಂದು ರಾತ್ರಿಯಾದರೂ ಬಂದು ಅಜ್ಜಿಯ ಪಕ್ಕ ಕೂತಿದ್ದರಾ?

ಈ ವರದಿಗಳ ಮೇಲೆ ನನಗೆ ಹಳೆಯ ಸಿಟ್ಟು. ಪತ್ರಿಕೆಗೆ ಬರುವ ಟಪಾಲಿನಲ್ಲಿ ಸನ್ಮಾನದ ಫೋಟೊಗಳೇ ಜಾಸ್ತಿ. ದೀರ್ಘಕಾಲ ಸೇವೆ ಸಲ್ಲಿಸಿದವರು ನಡುವೆ, ಸುತ್ತ ಕಮಿಟಿ. ತುದಿಯಲ್ಲಿ ಒಂದು ಹೆಣ್ಣಿನ ಭುಜ, ಅರ್ಧ ಮುಖ. ಚೌಕಟ್ಟಿಗೆ ಹಿಡಿಸಲಿಲ್ಲ ಅಂತ ಕತ್ತರಿಸಿರುತ್ತಾರೆ. ಕೆಳಗೆ ಎಲ್ಲರ ಹೆಸರು, ಆಕೆಯದ್ದು ಬಿಟ್ಟು. ಕಮಿಟಿಗೊಂದು ಉಪಕಮಿಟಿ, ಅದಕ್ಕೊಂದು ವಾಟ್ಸಾಪ್ ಗುಂಪು, ಕಳೆದ ಸಭೆಯ ನಡಾವಳಿ ಓದಲು ಅರ್ಧ ಗಂಟೆ. ಇದರಲ್ಲಿ ಎಷ್ಟು ಸೇವೆ, ಎಷ್ಟು ಕೂಟ ಎಂದು ಲೆಕ್ಕ ಹಾಕಿದವರಿಲ್ಲ. ಸ್ವಂತ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಸೀದಾ ಕೇಳುತ್ತದೆ. ಹಿರಿಯರನ್ನು ಆರಿಸುವ ದಿನ ಆ ವಚನ ಓದುತ್ತಾರೆ. ಆರಿಸಿದ ಮಾರನೆಯ ದಿನದಿಂದ ಮನೆ ನಡೆಸಲು ಅವರಿಗೆ ಪುರುಸೊತ್ತು ಕೊಡುವುದಿಲ್ಲ.

ಪಾಸ್ಟರಿಗೆ ಹೇಳಿ. ಬಾಯಲ್ಲಿ ಹೇಳಿದರೆ ಪ್ರಾರ್ಥನೆ ಮಾಡೋಣ ಎಂದು ಕಳಿಸಿಬಿಡುತ್ತಾರೆ, ಕಾಗದದ ಮೇಲೆ ಬರೆದು ಕೊಡಿ. ದುಃಖ ತೋಡಿಕೊಳ್ಳಬೇಡಿ. ನಿಮ್ಮ ಯಜಮಾನರು ವಾರದಲ್ಲಿ ಮಾಡುವ ಕೆಲಸಗಳ ಪಟ್ಟಿ ಹಾಕಿ, ಪ್ರತಿಯೊಂದರ ಎದುರು ಖಾಲಿ ಜಾಗ ಬಿಡಿ, ಯಾರ ಹೆಸರು ಬರೆಯಲಿ ಎಂದು ಕೇಳಿ. ಮೊದಲು ಯಜಮಾನರಿಗೇ ತೋರಿಸಿ. ಬೆನ್ನ ಹಿಂದೆ ಮಾಡಿದರು ಎನಿಸಿಕೊಳ್ಳಬೇಡಿ. ಒಂದು ಕೆಲಸ ಮಾತ್ರ ಅವರ ಹೆಸರಲ್ಲೇ ಇರಲಿ, ಅವರು ಮನಸಾರೆ ಇಷ್ಟಪಡುವಂಥದ್ದು. ಅದು ಆಸ್ಪತ್ರೆ ಭೇಟಿ ಆಗಿದ್ದರೆ ಮಗಳನ್ನೂ ಜತೆಗೆ ಕರೆದುಕೊಂಡು ಹೋಗಲಿ. ದಾರಿಯುದ್ದಕ್ಕೂ ಫೋನು ನಿಮ್ಮ ಹತ್ತಿರ ಇರಲಿ.

ಮುಂದಿನ ಸಾಮಾನ್ಯ ಸಭೆಯಲ್ಲಿ ಕಾರ್ಯದರ್ಶಿ ಸ್ಥಾನಕ್ಕೆ ಯಾರಾದರೂ ಮತ್ತೆ ಅವರ ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸಲು ಅರ್ಧ ಎದ್ದಿರುತ್ತಾರೆ. ಅಷ್ಟರಲ್ಲಿ ನೀವು ಕೈ ಎತ್ತಿ. ಗಾಯನ ಮಂಡಳಿ ಯಾರಿಗೆ, ಸಂಡೇ ಸ್ಕೂಲು ಯಾರಿಗೆ, ಅದನ್ನು ಮೊದಲು ಹೇಳಿ ಎಂದು ಕೇಳಿ. ನೀವೂ ಆ ಸಭೆಯ ಸದಸ್ಯೆ ಅಲ್ವಾ?