ಅಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎರಡಕ್ಕೂ ಕೊಡೋದು ಇನ್ಹೇಲರೇ ಅಲ್ವಾ? ಎಕ್ಸ್‌ರೇ ಸರಿ ಇದ್ದರೂ ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ, ಬೇಕಾ?

ನಾನೂ ಡಾಕ್ಟರ ಹತ್ತಿರ ಇದನ್ನೇ ವಾದಿಸಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು, ಇನ್ಹೇಲರ್ ಎಳೆದುಕೊಂಡರೆ ಸ್ವಲ್ಪ ಹಗುರ. ಹಾಗಾದರೆ ಅಸ್ತಮಾನೇ ಅಂತ ನಾನೇ ತೀರ್ಮಾನಿಸಿದೆ. ಸಿಗರೇಟು ಬಿಡಲಿಲ್ಲ.

ನನ್ನನ್ನು ಕೆಡಿಸಿದ್ದು ಆ ಎಕ್ಸ್‌ರೇ. ಚೆನ್ನಾಗಿ ಬಂದಿದೆ ಅಂತ ಊದುವ ಪರೀಕ್ಷೆಯನ್ನು ಮುಂದೂಡುತ್ತಲೇ ಹೋದೆ. ಗಾಳಿ ಎಷ್ಟು ಬೇಗ ಹೊರಗೆ ಬರುತ್ತದೆ ಅನ್ನುವುದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯ ಇದೆ. ಶ್ವಾಸನಾಳ 20ಕ್ಕೂ ಹೆಚ್ಚು ಸಲ ಕವಲೊಡೆಯುತ್ತದೆ. ತುದಿಯ ಕಡೆ 2 ಮಿಲಿಮೀಟರ್‌ಗಿಂತ ಸಣ್ಣ ಕೊಳವೆಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಎಷ್ಟೋ ಹಾಳಾದರೂ ಉಳಿದವು ತೂಗಿಸಿಕೊಂಡು ಹೋಗುತ್ತವೆ, ನಮಗೆ ಸುಳಿವೇ ಸಿಗುವುದಿಲ್ಲ. ಏದುಸಿರು ಶುರುವಾಗುವಷ್ಟರಲ್ಲಿ ಹಾನಿ ಎಷ್ಟೋ ಆಗಿರುತ್ತದೆ. ನಾನೋ, ಈಗ ತಾನೇ ಶುರು ಅಂದುಕೊಂಡಿದ್ದೆ!

ಕೊನೆಗೆ ಊದಿದೆ. ಮೊದಲ ಸೆಕೆಂಡಿನಲ್ಲಿ ಬಂದ ಗಾಳಿ, ಒಟ್ಟು ಊದಿದ್ದರ ಶೇಕಡಾ 70ಕ್ಕಿಂತ ತೀರಾ ಕಡಿಮೆ. ಔಷಧ ಎಳೆದುಕೊಂಡು ಮತ್ತೆ ಊದಿದರೂ ಹೆಚ್ಚೇನೂ ಏರಲಿಲ್ಲ. ಸಿಟಿ ಸ್ಕ್ಯಾನ್ ಎಂಫಿಸೀಮಾ ಅಂತು, ಅಂದರೆ ಸಿಒಪಿಡಿಯ ಒಂದು ಬಗೆ.

ಅದಕ್ಕೇ ಅಸ್ತಮಾ, ಸಿಒಪಿಡಿ "ಎರಡೂ ಒಂದೇ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಸ್ತಮಾದಲ್ಲಿ ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ. ಔಷಧಕ್ಕೆ ಬಹುಮಟ್ಟಿಗೆ ಬಗ್ಗುತ್ತದೆ. ಸಿಒಪಿಡಿಯ ಇನ್ನೊಂದು ಬಗೆಯಾದ ದೀರ್ಘಕಾಲದ ಬ್ರಾಂಕೈಟಿಸ್‌ನಲ್ಲಿ ದೊಡ್ಡ ಕೊಳವೆಗಳ ಲೋಳೆ ಗ್ರಂಥಿಗಳು ಹಿಗ್ಗಿ ಸದಾ ಕಫ. ಎಂಫಿಸೀಮಾದಲ್ಲಿ ಹೋಗುವುದು ಕೊನೆಯ ಗಾಳಿಗೂಡುಗಳ ಗೋಡೆ. ಗುಡಾರವನ್ನು ಹಗ್ಗ ಎಳೆದು ಹಿಡಿಯುವ ಹಾಗೆ, ಸಣ್ಣ ಕೊಳವೆಗಳನ್ನು ತೆರೆದಿಡುವುದು ಈ ಗೋಡೆಗಳೇ. ಅವು ಹೋದರೆ ಉಸಿರು ಬಿಡುವಾಗ ಕೊಳವೆ ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹೋದ ಗೋಡೆ ಯಾವ ಔಷಧಕ್ಕೂ ಮರಳುವುದಿಲ್ಲ.

ಇನ್ಹೇಲರ್ ಅನ್ನುವುದು ಬರೀ ಡಬ್ಬಿ, ಒಳಗಿನ ಔಷಧ ಬೇರೆ ಬೇರೆ. ಅಸ್ತಮಾಕ್ಕೆ ಊತ ಇಳಿಸುವ ಸ್ಟೀರಾಯ್ಡೇ ಬುನಾದಿ. ಅದಿಲ್ಲದೆ ಬರೀ ಕೊಳವೆ ಹಿಗ್ಗಿಸುವ ಔಷಧ ನೆಚ್ಚಿಕೊಂಡರೆ ಅಪಾಯ. ಸಿಒಪಿಡಿಯಲ್ಲಿ ಹಿಗ್ಗಿಸುವ ಔಷಧವೇ ಮೊದಲು. ಸ್ಟೀರಾಯ್ಡ್ ಸುಮ್ನೆ ಸೇರಿಸಿದರೆ ನ್ಯುಮೋನಿಯಾ ಭಯ ಜಾಸ್ತಿ. ಕೆಲವರಿಗೆ ಎರಡೂ ಇರುತ್ತವೆ, ಅದು ಇನ್ನೂ ಗೋಜಲು.

ಔಷಧಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಊದಿಸುವ ಪರೀಕ್ಷೆಯನ್ನೇ ಕೇಳಿ. ಆ ದಿನ ಇನ್ಹೇಲರ್ ತೆಗೆದುಕೊಳ್ಳಬೇಕೋ ಬೇಡವೋ ಅಂತ ಮೊದಲೇ ವಿಚಾರಿಸಿ. ಸೇದುತ್ತಿದ್ದರೆ ರಿಪೋರ್ಟ್ ಬರುವವರೆಗೆ ಕಾಯಬೇಡಿ, ಇವತ್ತೇ ಬಿಡಿ.